ಕರಡಿಗೆ ಇಲ್ಲದ ಒಂದು ತಾಸು

ಮಧ್ಯಾಹ್ನ ಎರಡು ಹತ್ತಕ್ಕೆ ಹುಬ್ಬಳ್ಳಿಯ ರನ್‌ವೇ ಕಿಟಕಿಯಲ್ಲಿ ಕಾಣಿಸಿತು. ಚಕ್ರ ಇನ್ನೇನು ನೆಲ ಮುಟ್ಟುತ್ತದೆ ಅನ್ನುವಾಗ ಗಾಳಿ ವಿಮಾನವನ್ನು ಪಕ್ಕಕ್ಕೆ ನೂಕಿತು. ಎಂಜಿನ್ ಒಮ್ಮೆಲೇ ಜೋರಾಯಿತು, ಮತ್ತೆ ಮೇಲಕ್ಕೆ ಹೋದೆವು. ಅವ್ವ ನನ್ನ ಕೈ ಹಿಡಿಯಲಿಲ್ಲ, ತನ್ನ ಎದೆ ಮುಟ್ಟಿಕೊಂಡಳು. ಅಲ್ಲಿ ಲಿಂಗವಿರಲಿಲ್ಲ.

ಪುಣೆಯಲ್ಲಿ ಅಕ್ಕನ ಮನೆಯಲ್ಲಿದ್ದು ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ ಅವ್ವನನ್ನು ಹಳಿಯಾಳಕ್ಕೆ ಕರೆತರುತ್ತಿದ್ದೆ. ಬಸ್ಸಿನ ಕುಲುಕಾಟ ಬೇಡವೆಂದು ವಿಮಾನ. ತಪಾಸಣೆಯಲ್ಲಿ ಕೊರಳಿನ ಬೆಳ್ಳಿ ಕರಡಿಗೆಗೆ ಯಂತ್ರ ಕೂಗಿತು. ಅದರೊಳಗೆ ಇಷ್ಟಲಿಂಗವಿದೆ ಎಂದು ನಾನು ಹೇಳುವ ಮೊದಲೇ ಅವ್ವ ಬಿಚ್ಚಿ ಟ್ರೇಗೆ ಹಾಕಿದ್ದಳು. ಆಮೇಲೆ ಹಾಕಿಕೊಳ್ಳಲು ಒಪ್ಪಲಿಲ್ಲ. ಯಾರದೋ ಬೂಟು ಇಟ್ಟ ಟ್ರೇ, ಮನೆಯಲ್ಲಿ ಸ್ನಾನ ಮಾಡಿಯೇ ಕಟ್ಟಿಕೊಳ್ಳುತ್ತೇನೆ ಎಂದು ಚೀಲದಲ್ಲಿಟ್ಟಳು. ಎಷ್ಟು ಹೊತ್ತಿನ ದಾರಿ ಎಂದು ಕೇಳಿದಳು. ಹಳಿಯಾಳದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋದಷ್ಟು, ಒಂದು ತಾಸು ಎಂದೆ.

"ಅಷ್ಟ ಅಲ್ಲಾ, ತಡ್ಕೋತೇನಿ" ಎಂದಳು.

ಲಿಂಗ ಮೈಮೇಲಿಲ್ಲದೆ ಅವಳು ಹನಿ ನೀರೂ ಕುಡಿಯುವುದಿಲ್ಲ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಒಂದೇ ಚಪಾತಿ ತಿಂದಿದ್ದಳು. ವಿಮಾನ ಸಣ್ಣದು. ಮೆಟ್ಟಿಲ ಬಳಿ ಸಿಬ್ಬಂದಿ ನಮ್ಮ ಚೀಲ ಇಸಿದುಕೊಂಡು ಕೆಳಗಿನ ಸಾಮಾನಿನ ಜೊತೆ ಹಾಕಿದರು.

ಎರಡನೆಯ ಸಲವೂ ಇಳಿಯಲಾಗಲಿಲ್ಲ. ಮೋಡದ ಮೇಲೆ ಬಹಳ ಹೊತ್ತು ಸುತ್ತಿ, ಬೆಳಗಾವಿಗೆ ಹೋಗುತ್ತೇವೆ ಎಂದು ಹೇಳಿದರು. ಹುಬ್ಬಳ್ಳಿಯಿಂದ ಬೆಳಗಾವಿ ಆಕಾಶದಲ್ಲಿ ಏನೂ ದೂರವಲ್ಲ. ಅಷ್ಟರಲ್ಲೇ ಅವ್ವನ ಮೈಯ ಸಕ್ಕರೆ ಇಳಿದು ಹಣೆ ಬೆವರತೊಡಗಿತು. ಗಗನಸಖಿ ಹಣ್ಣಿನ ರಸ ತಂದಳು. ಅವ್ವ ಬಾಯಿ ತೆರೆಯಲಿಲ್ಲ.

"ಇದೊಂದ್ ಸಲ ಕುಡಿಯವ್ವಾ. ಶಿವ ಏನೂ ಅನ್ನಂಗಿಲ್ಲ."

"ಅಂವಗ ತಿಳೀತೈತಿ, ನಿನಗ ತಿಳೀವಲ್ದು. ಕೊಳ್ಳಾಗ ಲಿಂಗ ಇಲ್ದ ಮಣ್ಣ ಮಾಡ್ತಿ ಏನು ನನ್ನ?"

ಬೆಳಗಾವಿಯಲ್ಲಿ ಇಳಿದರೂ ಬಾಗಿಲು ತೆರೆಯಲಿಲ್ಲ. ಗಾಳಿ ನಿಂತರೆ ತಿರುಗಿ ಹುಬ್ಬಳ್ಳಿಗೆ ಹೋಗುವುದಿತ್ತು. ನನ್ನ ಹರುಕು ಹಿಂದಿಯಲ್ಲಿ ಚೀಲ ಬೇಕೆಂದು ಗೋಗರೆದೆ. ಪೈಲಟ್ ಹೊರಬಂದು ಅವ್ವನ ಮುಖ ನೋಡಿದ, ಹೆಚ್ಚೇನೂ ಕೇಳದೆ ಕೆಳಗಿನವರಿಗೆ ಹೇಳಿಕಳಿಸಿದ. ಮಳೆಯಲ್ಲಿ ಸಾಮಾನು ಇಳಿಸುವ ಸದ್ದು ಕೇಳುತ್ತಿತ್ತು. ಅವ್ವ ಈಗ ಧಾರವಾಡ ಬಂತೇನು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಗಗನಸಖಿ ಕೊಟ್ಟ ಸಕ್ಕರೆಯನ್ನು ಅವಳ ಬಾಯಿಗೆ ಹಾಕಿಬಿಡಲೆಂದು ನಾನು ಕೈ ಎತ್ತುವುದು, ಇಳಿಸುವುದು. ಈಗಲೂ ಆ ಕೈಯೇ ಕಣ್ಣ ಮುಂದೆ ಬರುತ್ತದೆ.

ತೊಯ್ದ ಚೀಲ ಬಂತು. ಗಗನಸಖಿ ತಲೆ ಎತ್ತಿ ಹಿಡಿದಳು, ನಾನು ದಾರ ಕಟ್ಟಿದೆ. ಅವ್ವ ತಡಕಾಡಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು. ಸ್ನಾನವಿಲ್ಲ, ವಿಭೂತಿಯಿಲ್ಲ. ತಾನಾಗಿ ಬಾಯಿ ತೆರೆದಳು.

ಊರಿಗೆ ಬಂದಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಮೊಬೈಲಿನಲ್ಲಿ ಪುಣೆ–ಹುಬ್ಬಳ್ಳಿ ಎಂದು ಹುಡುಕುತ್ತಿದ್ದೆ, ಅದೇ ಒಂದು ತಾಸು ತೋರಿಸುತ್ತಿತ್ತು. ಚೀಲ ಇನ್ನಷ್ಟು ತಡವಾಗಿ ಸಿಕ್ಕಿದ್ದರೆ ಎಂದು ಎದ್ದು ಹೋಗಿ ಅವ್ವನ ಹಣೆ ಮುಟ್ಟಿ ನೋಡುತ್ತಿದ್ದೆ. ಹೀಗೆ ಎಷ್ಟೋ ರಾತ್ರಿ ಕಳೆದವು.

ಕಬ್ಬಿನ ಹಂಗಾಮು ಬಂದು ಕಾರ್ಖಾನೆ ಶುರುವಾದ ವಾರ ಒಂದು ರಾತ್ರಿ, ಊಟ ಮುಗಿಸಿ, ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಂಡಳು.

"ತಮ್ಮಾ, ದಿನಾ ನನ್ನ ನಿದ್ದಿ ಕೆಡಸ್ತಿ. ಸತ್ರ ನಾನಾ ಕರೀತೇನಿ, ಮಲ್ಕೋ ಹೋಗು."

ಬಾಗಿಲಾಚೆ ನಿಂತು ನಕ್ಕೆ. ಹೋಗಿ ಮಲಗಿದೆ. ಎಚ್ಚರವಾದಾಗ ಅವ್ವನ ಕೋಣೆಯ ಬಾಗಿಲು ತೆರೆದಿತ್ತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು, ಬಿಸಿಲು ಬಿದ್ದಿತ್ತು.