ಯಾರೂ ಬರಲಿಲ್ಲ ಎಂದ ಸಂಜೆ

ಮೊನ್ನೆ ಕಾರ್ಕಳದ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಕಾಪುವಿನ ನಮ್ಮ ಮನೆಯ ಚಾವಡಿ ಕಣ್ಣ ಮುಂದೆ ನಿಂತಿತು. ಹೆದ್ದಾರಿ ಅಗಲವಾದಾಗ ಹೋದ ಮನೆ ಅದು. ಅಲ್ಲಿ ಅಮ್ಮನೂ ಅಕ್ಕನೂ ಮಡಿಲಲ್ಲಿ ಮೊರವಿಟ್ಟು ಬೀಡಿ ಕಟ್ಟುತ್ತಿದ್ದರು. ನಾನು ಎಲೆ ಒರೆಸಿ ಕೊಡುತ್ತಿದ್ದೆ. ಕೈ ಓಡುತ್ತಿದ್ದಂತೆ ಅಕ್ಕ ಪಿಯುಸಿಯಲ್ಲಿ ಕಲಿಯುತ್ತಿದ್ದ ತರ್ಕಶಾಸ್ತ್ರವನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

"ಮಳೆ ಬಂದ್ರೆ ಅಂಗಳ ಒದ್ದೆಯಾಗ್ತದೆ. ಈಗ ಅಂಗಳ ಒದ್ದೆ ಉಂಟು. ಹಾಗಾದ್ರೆ ಮಳೆ ಬಂದಿದೆಯಾ?"

"ಬಂದಿದೆ."

"ಯಾರಾದ್ರೂ ಪಾತ್ರೆ ತೊಳೆದ ನೀರು ಚೆಲ್ಲಿರಬಹುದಲ್ಲ, ಮಾರಾಯ! ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳು."

"ಏಳನೇ ಕ್ಲಾಸಲ್ಲಿ ಶಾಲೆ ಬಿಟ್ಟವನಿಗೆ ಇದೆಲ್ಲ ಎಂತಕ್ಕೆ?" ಎಂದು ಅಮ್ಮ ನಗುತ್ತಿದ್ದಳು.

ಮುಂದೆ ಓದಬೇಕಾದರೆ ಅಕ್ಕನಿಗೆ ಉಡುಪಿಯಲ್ಲಿ ಫೀಸಿಲ್ಲದ ಸೀಟು ಸಿಗಬೇಕಿತ್ತು. ಸಿಕ್ಕಿದರೆ ಶನಿವಾರ ಬಸ್ಸಿನ ಕಂಡಕ್ಟರನ ಬಳಿ ಹೇಳಿ ಕಳುಹಿಸುತ್ತೇನೆ, ಸೋಮವಾರವೇ ಬಂದು ಸೇರಬೇಕು ಎಂದಿದ್ದರು ಅವಳ ಮೇಷ್ಟ್ರು. ಆ ಶನಿವಾರ ಅಮ್ಮನೂ ಅಕ್ಕನೂ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋದರು. ನನ್ನನ್ನು ಮನೆ ಕಾಯಲು ಬಿಟ್ಟಿದ್ದರು. ಕಡಲ ಬದಿಯಲ್ಲಿ ಕೈರಂಪಣಿ ಬಲೆ ಎಳೆಯುವವರ ಕೂಗು ಕೇಳಿಸಿತು. ಬಾಗಿಲು ಹಾಕಿ ನೋಡಲು ಓಡಿದೆ. ಅವರು ಬರುವ ಹೊತ್ತಿಗೆ ಜಗಲಿಯಲ್ಲಿ ಕುಳಿತಿದ್ದೆ.

"ಯಾರಾದ್ರೂ ಬಂದಿದ್ರಾ?" ಅಕ್ಕ ಕೇಳಿದಳು.

ಗೊತ್ತಿಲ್ಲ ಎಂದರೆ ಎಲ್ಲಿಗೆ ಹೋಗಿದ್ದೆ ಎಂದು ಅಮ್ಮನ ಪೆಟ್ಟು ಬೀಳುತ್ತಿತ್ತು. "ಯಾರೂ ಬರಲಿಲ್ಲ" ಎಂದೆ.

ಅವಳು ಎಲೆಯ ಚೀಲ ಜಗಲಿಯಲ್ಲಿಟ್ಟಳು. "ಸಿಕ್ಕಿದ್ರೆ ಹೇಳಿ ಕಳಿಸ್ತೇನೆ ಅಂದಿದ್ರು. ಯಾರೂ ಬರಲಿಲ್ಲ. ಹಾಗಾದ್ರೆ ಸಿಕ್ಕಲಿಲ್ಲ."

ಆ ಲೆಕ್ಕಾಚಾರದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಸುಳ್ಳಾಗಿದ್ದದ್ದು ನಾನು ಹೇಳಿದ ಮಾತು. ಸೋಮವಾರ ಅವಳು ಬೆಳಗ್ಗೆಯೇ ಮೊರ ಹಿಡಿದು ಕುಳಿತಳು. ಮಳೆಗಾಲ ಮುಗಿಯುವಾಗ ಆ ಕಂಡಕ್ಟರ್ ಸಿಕ್ಕಿ, "ಆವತ್ತು ಮೇಷ್ಟ್ರು ಹೇಳಿ ಕಳಿಸಿದ್ರೆಂದು ಬಂದ್ರೆ ನಿಮ್ಮ ಬಾಗಿಲು ಹಾಕಿತ್ತಲ್ಲ?" ಎಂದ. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಅಕ್ಕ ಹೋದ ವರ್ಷ ತೀರಿಕೊಂಡಳು.

ಅವಳ ಮಗಳು ಮಣಿಪಾಲದಲ್ಲಿ ಕಂಪ್ಯೂಟರಿಗೆ ತರ್ಕ ಕಲಿಸುವ ಕೆಲಸದಲ್ಲಿದ್ದಾಳೆ. ಮೊನ್ನೆ ಆ ಬಸ್ಸಿಳಿದು ಅವಳ ಮನೆಗೆ ಹೋದೆ. ಚಹಾ ಕೊಡುತ್ತ ತನ್ನ ಕೆಲಸದ ಬಗ್ಗೆ ಹೇಳಿದಳು: "ದಾಖಲೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅದು ಆಗಿಯೇ ಇಲ್ಲ ಅಂತ ಅಲ್ಲ ಮಾಮ. 'ಗೊತ್ತಿಲ್ಲ' ಬೇರೆ, 'ಇಲ್ಲ' ಬೇರೆ. ಅದನ್ನು ಕಲಿಸುವುದೇ ಕಷ್ಟ." ಆಮೇಲೆ ಕೇಳಿದಳು: "ಅಮ್ಮನಿಗೆ ಇದರಲ್ಲಿ ಅಷ್ಟು ತಲೆ ಇತ್ತು, ಅಲ್ವಾ? ಮುಂದೆ ಯಾಕೆ ಓದಲಿಲ್ಲ?"

ಹೇಳಲೆಂದೇ ಹೋಗಿದ್ದೆ.

"ಗೊತ್ತಿಲ್ಲ ಮಗಾ" ಎಂದೆ.

ತಾಯಿಯ ಹಾಗೆಯೇ, ಅವಳೂ ನನ್ನನ್ನು ನಂಬಿದಳು.