ದಮಯಂತಿಯ ರಾಜ

ನಮ್ಮ ಭಾವಿಕೇರಿಯ ದೇವಿದಾಸ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹತ್ತಿದರೆ ಅವನ ಬಾಯಲ್ಲಿ ‘ಚೆಸ್’. ಸಂಜೆ ಮನೆಗೆ ಬಂದು ಅಂಗಿ ಕಳಚಿದರೆ ‘ಬುದ್ಧಿಬಳ’. ಮಗಳು ವಿಜೇತಾಳ ಪುಸ್ತಕದಲ್ಲಿ ‘ಚದುರಂಗ’. ಮೂರೂ ಒಂದೇ ಆಟ ಎಂದು ಅವನು ನಂಬಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದೇ ಅಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದೇ ನನ್ನ ಸಿಟ್ಟು.

ಮನೆಯ ಬುದ್ಧಿಬಳ ಅವನ ಅಪ್ಪ ಕಲಿಸಿದ್ದು. ಅದರಲ್ಲಿ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಚೇರಿಯ ಚೆಸ್ಸಿನಲ್ಲಿ ಅದು ನಡೆಯುವುದಿಲ್ಲ. ಹಾರವಾಡದಿಂದ ಮದುವೆಯಾಗಿ ಬಂದಾಗ ದಮಯಂತಿಗೆ ಕಾಯಿಗಳ ಹೆಸರೂ ಗೊತ್ತಿರಲಿಲ್ಲ. ದೇವಿದಾಸನೇ ಕೂರಿಸಿಕೊಂಡು ಕಲಿಸಿದ. ಬರಬರುತ್ತ ಅವಳು ಮೀನು ಸಾರು ಒಲೆಯ ಮೇಲಿಟ್ಟು ಬಂದು, ಅದು ಕುದಿಯುವಷ್ಟರಲ್ಲಿ ಗಂಡನನ್ನು ಸೋಲಿಸಿ ಏಳತೊಡಗಿದಳು. ರಾಜನನ್ನು ಹಾರಿಸುವಾಗ ಅವಳ ಮುಖ ನೋಡಬೇಕಿತ್ತು, ಅದರ ತುಂಬ ನಗು.

ಹೋದ ವರ್ಷ ಕಚೇರಿಯವರು ನೌಕರರ ಮನೆಯವರಿಗಾಗಿ ಚೆಸ್ ಪಂದ್ಯ ಇಟ್ಟರು. ದೇವಿದಾಸ ಹೆಮ್ಮೆಯಿಂದ ಹೆಂಡತಿಯ ಹೆಸರು ಕೊಟ್ಟ. ಅಲ್ಲಿ ರಾಜ ಹಾರುವುದಿಲ್ಲ ಎಂದು ಒಂದು ಮಾತು ಹೇಳಬೇಕಿತ್ತಲ್ಲ? ನಾಳೆ ಹೇಳಿದರಾಯಿತು ಎಂದುಕೊಂಡು ಮರೆತ.

ಮೊದಲ ಆಟಗಳಲ್ಲಿ ದಮಯಂತಿಗೆ ರಾಜನನ್ನು ಹಾರಿಸುವ ಅಗತ್ಯವೇ ಬೀಳಲಿಲ್ಲ. ಕೊನೆಯ ಆಟದಲ್ಲೂ ಅವಳು ಗೆಲ್ಲುವುದರಲ್ಲಿದ್ದಳು. ನಗುತ್ತ ರಾಜನನ್ನು ಎತ್ತಿ ಹಾರಿಸಿದಳು. ಸುತ್ತ ನಿಂತವರು ಗೊಳ್ಳೆಂದರು. ಆ ನಡೆ ತಪ್ಪು, ಮುಟ್ಟಿದ ರಾಜನನ್ನೇ ಒಂದು ಮನೆ ನಡೆಸಬೇಕು ಎಂದರು ತೀರ್ಪುಗಾರರು. ಹಾಗೆ ನಡೆಸಿ ಅವಳು ಸೋತಳು.

ಸೋತದ್ದು ಹಾಳಾಗಲಿ. ಜೊತೆಯ ಗುಮಾಸ್ತ ರೂಪೇಶ ದಮಯಂತಿಯತ್ತ ಕೈ ತೋರಿಸಿ ಕೇಳಿದ: “ದೇವಿದಾಸಣ್ಣ, ವೈನಿಗೆ ಇದ್ನ ಯಾರ್ ಕಲಿಸಿದ್ರು?”

ಈ ಪುಣ್ಯಾತ್ಮ, “ನಂಗೇನ್ ಗೊತ್ತು ಮಾರಾಯಾ? ನಾನಂತೂ ಕಲಿಸಲಿಲ್ಲ” ಎಂದು ಎಲ್ಲರ ಜೊತೆ ತಾನೂ ನಕ್ಕ. ದಮಯಂತಿ ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು.

ಅಂದಿನಿಂದ ಅವಳು ಆಟದ ಹಲಗೆ ಮುಟ್ಟಲಿಲ್ಲ. ಊಟ ಬಡಿಸಿದಳು, ಬಟ್ಟೆ ಮಡಚಿಟ್ಟಳು, ಒಂದು ಬೈಗುಳವೂ ಇಲ್ಲ. ಬೈದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ಕೆಲವು ತಿಂಗಳು ಹೀಗೇ ಕಳೆದ ಮೇಲೆ ತಡೆಯಲಾರದೆ ಅಡುಗೆಮನೆಗೆ ಹೋಗಿ, “ತಪ್ಪು ನಂದೇ, ಮರ್ಯಾದೆಗೆ ಹೆದರಿ ಸುಳ್ಳು ಹೇಳ್ದೆ” ಎಂದ.

“ಒಲೆ ಮುಂದೆ ಹೇಳಿದ್ರೆ ಎಂತ ಬಂತು? ಅಲ್ಲಿ ಹೇಳ್ಬೇಕಾಗಿತ್ತು” ಎಂದಳು ದಮಯಂತಿ.

ಮರುದಿನ ಕಚೇರಿಯಲ್ಲಿ ಚಹಾದ ಹೊತ್ತಿಗೆ ದೇವಿದಾಸ ಎಲ್ಲರೆದುರು ಗಂಟಲು ಸರಿಮಾಡಿಕೊಂಡು, ಆ ಆಟ ಕಲಿಸಿದವನು ತಾನೇ ಎಂದು ಒಪ್ಪಿಕೊಂಡ. ರೂಪೇಶ ಕಣ್ಣು ಪಿಳುಕಿಸಿದ. “ಯಾವ ಆಟ? ಓ, ಅದಾ? ಬಿಡಿ ದೇವಿದಾಸಣ್ಣ, ಅದೆಲ್ಲ ಯಾರಿಗೆ ನೆನಪಿದೆ?” ಎಂದ. ಯಾರ ಮುಂದೆ ಮಾನ ಉಳಿಸಿಕೊಳ್ಳಲು ಹೆಂಡತಿಯ ಮಾನ ಕಳೆದನೋ, ಅವರಿಗೆ ನೆನಪೇ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಅವನಿಗೆ ನಾಚಿಕೆಯಿಂದ ಅಳು ಬಂತಂತೆ. ನನ್ನ ಹತ್ತಿರ ಹೇಳಿಕೊಂಡ.

ಈಗ ದಮಯಂತಿ ಮತ್ತೆ ಆಡುತ್ತಾಳೆ, ವಿಜೇತಾ ಕಾಡಿ ಬೇಡಿ ಕೂರಿಸಿದ ಮೇಲೆ. ಆದರೆ ಅವಳ ರಾಜ ಹಾರುವುದಿಲ್ಲ. ಒಂದೊಂದೇ ಮನೆ ನಡೆದು, ಮೂಲೆಗೆ ಬಿದ್ದು, ಸೋಲುತ್ತಾನೆ.

ಮೊನ್ನೆ ನಾನೂ ಅಲ್ಲೇ ಕೂತಿದ್ದೆ. “ಒಂದ್ ಸಲ ಹಾರಿಸೇ” ಎಂದು ದೇವಿದಾಸ ಬೇಡಿಕೊಂಡ.

ಅವಳು ಹಲಗೆಯಿಂದ ಕಣ್ಣೆತ್ತಲಿಲ್ಲ. “ಅದ್ನ ನಂಗೆ ಯಾರೂ ಕಲಿಸಲಿಲ್ಲ” ಎಂದಳು.