ಸಾಬಮ್ಮ ಎಬ್ಬಿಸಿದ ಫರ್ಸಿ

ಡಬ್, ಡಬ್, ಠಣ್. ಮತ್ತೆ ಡಬ್.

ಖಾರ ಅರೆಯುವ ಗುಂಡುಕಲ್ಲು ಹಿಡಿದು, ಕುಕ್ಕರಗಾಲಲ್ಲಿ ಕುಳಿತು, ಸಾಬಮ್ಮ ನಮ್ಮ ಅಡುಗೆಮನೆಯ ನೆಲ ಬಡಿಯುತ್ತಿದ್ದ ಸದ್ದು ಅದು. ಡಾಕ್ಟರು ರೋಗಿಯ ಎದೆಯನ್ನು ಬೆರಳಲ್ಲಿ ಬಡಿದು ನೋಡುವುದಿಲ್ಲವೇ, ಹಾಗೆ. ಠಣ್ ಎಂದರೆ ಮುಂದೆ ಸರಿಯುತ್ತಿದ್ದಳು. ಡಬ್ ಎಂದರೆ ಕಿವಿ ಕೆಳಗೆ ತಂದು, "ಇಲ್ಲಿ ಟೊಳ್ಳ ಐತ್ರಿ ಅಕ್ಕಾರ. ಇರವಿ ಇಲ್ಲಿಂದನ ಬರಾಕತ್ತಾವ" ಎನ್ನುತ್ತಿದ್ದಳು.

ಕಾಲುವೆಗೆ ಹೊಸದಾಗಿ ನೀರು ಬಿಟ್ಟ ಕಾಲ. ಶಹಾಪುರದ ಹೊರಗೆ ನಮ್ಮದೊಂದು ಚಿಕ್ಕ ಕಾಲೊನಿ. ಈಗ ಅದು ಇಲ್ಲ. ನಮ್ಮ ಯಜಮಾನರು ಕಾಲುವೆ ಕೆಲಸದಲ್ಲಿ ಓವರ್‌ಸಿಯರ್. ಎರೆ ಮಣ್ಣಿನ ಮೇಲೆ ಕಟ್ಟಿದ ಕ್ವಾರ್ಟರ್ಸ್, ನೆಲಕ್ಕೆ ಶಹಾಬಾದಿನ ಕಲ್ಲು. ಇಲ್ಲಿಯವರ ಬಾಯಲ್ಲಿ ಅದು ಫರ್ಸಿ. ನೀರು ಹರಿದದ್ದೇ ತಡ, ತೇವ ಹತ್ತಿದ ನೆಲದೊಳಗಿನ ಇರುವೆಯೆಲ್ಲ ಫರ್ಸಿಯ ಸಂದುಗಳಿಂದ ಮೇಲೆ ಬಂತು. ಸಕ್ಕರೆ ಡಬ್ಬಿಯಲ್ಲಿ ಇರುವೆ, ಹಾಲಿನ ಪಾತ್ರೆಯಲ್ಲಿ ಇರುವೆ, ಮಗು ಮಲಗುವ ಜೋಳಿಗೆಯಲ್ಲಿ ಇರುವೆ! ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಲಿಸಿದ್ದು ಒಂದೇ: ಇರುವೆ ಬಂದಿದೆ ಎಂದರೆ ಮನೆಯವಳು ಸೋಮಾರಿ. ಡರ್ಟಿ ಗರ್ಲ್, ಡರ್ಟಿ ಹೌಸ್. ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಒರೆಸುತ್ತಿದ್ದೆ, ಅಳುತ್ತಿದ್ದೆ.

ಸಾಬಮ್ಮ ದೋರನಹಳ್ಳಿಯವಳು. ಬೆಳಗಿನ ಬಸ್ಸಿಗೆ ಬಂದು ನಾಲ್ಕು ಮನೆಯ ಕೆಲಸ ಮುಗಿಸಿ ಸಂಜೆ ಹೋಗುತ್ತಿದ್ದಳು. ಎತ್ತರದ ಹೆಂಗಸು, ದೊಡ್ಡ ಹೆಜ್ಜೆ, ಹೆದರಿಕೆ ಎಂಬುದು ಗೊತ್ತಿಲ್ಲ. ಇರುವೆಯನ್ನು ಎಂದೂ ತುಳಿಯುತ್ತಿರಲಿಲ್ಲ, ಬಾಯಿಂದ ಊದಿ ಸರಿಸುತ್ತಿದ್ದಳು. ನಾನು ಬಿಳಿ ಪುಡಿ ಹಿಡಿದು ಓಡಾಡಿದರೆ ಬೈಯುತ್ತಿದ್ದಳು.

"ಕೂಸು ನೆಲದ ಮ್ಯಾಲ ಅಂಬೆಗಾಲ ಹಾಕತೈತಿ, ನೀವು ವಿಷ ಚೆಲ್ಲಾಕತ್ತೀರಿ. ಓದಿದವರು ಹೌದಲ್ರಿ ನೀವು?" ಎಂದು ಕೇಳಿ, "ಇರವಿ ಹಿಂದ ಹೋಗ್ರಿ. ಅದು ಸುಳ್ಳ ಹೇಳಂಗಿಲ್ಲ. ಮನಿ ಕಟ್ಟಿದಂವನ ಹಣಿಬಾರ ತೋರಸತೈತಿ" ಎನ್ನುತ್ತಿದ್ದಳು.

ಅವಳಿಗೆ ಅದು ಹೇಗೆ ಗೊತ್ತಿತ್ತೆಂದರೆ, ಆ ಕ್ವಾರ್ಟರ್ಸ್ ಕಟ್ಟುವಾಗ ಬುಟ್ಟಿ ಹೊತ್ತವಳೇ ಅವಳು.

ಒಂದು ದಿನ ಪಕ್ಕದ ಮನೆಯ ಸರೋಜಾ ಮೇಡಂ ಹಿತ್ತಲ ಬಾಗಿಲಿಗೆ ಬಂದು ನಿಂತರು. ಮೈಸೂರು ಕಡೆಯವರು, ಗಂಡ ಇಂಜಿನಿಯರ್. ಒಳಗೆ ಸಾಬಮ್ಮ ರೊಟ್ಟಿ ಬಡಿಯುತ್ತಿದ್ದುದನ್ನು ನೋಡಿಯೂ ಹೇಳಿದರು, "ಯಾರ್ ಯಾರನ್ನೋ ಅಡುಗೆಮನೆ ತನಕ ಬಿಟ್ಕೊಂಡ್ರೆ ಇರುವೆ ಬರ್ದೆ ಇನ್ನೇನ್ ಬರುತ್ತೆ ಹೇಳಿ? ನಾವು ಅವಳನ್ನ ಹಿತ್ತಲು ದಾಟಿಸೋಲ್ಲಪ್ಪ."

ಐ ವಾಸ್ ಫ್ಯೂರಿಯಸ್. ಆದರೆ ಬಾಯಿ ಬಿಟ್ಟವಳು ನಾನಲ್ಲ. ಸಾಬಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಬಾಯಾರ, ನಿಮ್ಮ ಮನ್ಯಾಗ ಇರವಿ ಇಲ್ಲೇನ್ರಿ?"

"ಇದೆ. ಇದ್ರೆ ಏನೀಗ?"

"ನಾ ಒಳಗ ಕಾಲಿಡದಿದ್ರೂ ಬಂದಾವಲ್ರಿ ಮತ್ತ! ಇರವಿಗಿ ಜಾತಿ ಗೊತ್ತಿಲ್ರಿ. ಕೆಳಗ ಸಿಮೆಂಟ ಇಲ್ಲದ್ದು ಗೊತ್ತೈತಿ." ಆಮೇಲೆ ನನ್ನ ಕಡೆ ತಿರುಗಿ, "ಎಬ್ಬಸಲೇನ್ರಿ ಅಕ್ಕಾರ ಒಂದ ಫರ್ಸಿ?" ಎಂದಳು.

"ಎಬ್ಬಿಸು ಸಾಬಮ್ಮ" ಎಂದೆ. "ಲೆಟ್ ಹರ್ ಸೀ."

ಈ ಮಾತು ನಾನೇ ಹೇಳಿದೆ, ನನ್ನ ಬಾಯಿಂದಲೇ. ನೆನಪಿಟ್ಟುಕೊಳ್ಳಿ.

ಅವಳು ಹಾರೆ ತಂದು ಸಂದಿಗೆ ಹಾಕಿ ಒಮ್ಮೆ ಮೀಟಿದ್ದಕ್ಕೆ ಕಲ್ಲು ಬಿಸ್ಕತ್ತಿನಂತೆ ಮೇಲೆ ಬಂತು. ಕೆಳಗೆ ಒಂದು ಹಿಡಿ ಸಿಮೆಂಟಿಲ್ಲ. ಹಸಿ ಹಸಿ ಕರಿ ಮಣ್ಣು, ಅದರ ತುಂಬ ಅಕ್ಕಿ ನುಚ್ಚಿನಂಥ ಮೊಟ್ಟೆ ಹೊತ್ತು ಗಾಬರಿಯಿಂದ ಓಡುವ ಇರುವೆ.

"ಈ ಮಣ್ಣ ನಾನ ಹೊತ್ತ ಹಾಕೀನ್ರಿ" ಎಂದಳು ಸಾಬಮ್ಮ. "ಸಿಮೆಂಟ ಎಲ್ಲೈತಿ ಅಂತ ಕೇಳಿದ್ದಕ್ಕ ಮೇಸ್ತ್ರಿ ಅಂದಾನ, ಫರ್ಸಿ ಮುಚ್ಚಿದ ಮ್ಯಾಲ ಯಾವಂವ ನೋಡ್ತಾನಬೇ, ಅಂತ."

ಆ ಸಂಜೆ ಇಡೀ ಲೈನಿನ ಮನೆಗಳಲ್ಲಿ ಹೆಂಗಸರು ಲಟ್ಟಣಿಗೆ, ಕಲ್ಲು, ಲೋಟ, ಕೈಗೆ ಸಿಕ್ಕಿದ್ದರಲ್ಲಿ ನೆಲ ಬಡಿದು ನೋಡಿದರು. ಸರೋಜಾ ಮೇಡಂ ಕೂಡ! ಎಲ್ಲ ಕಡೆಯೂ ಡಬ್ ಡಬ್.

ಸುದ್ದಿ ಮುಟ್ಟಿ ಮೂರನೆಯ ದಿನ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು, ಜೊತೆಗೆ ಕ್ವಾರ್ಟರ್ಸ್ ಕಟ್ಟಿದ ಕಂಟ್ರಾಕ್ಟರ್. ಸಿಮೆಂಟು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ವಾಟ್ ನಾನ್ಸೆನ್ಸ್! ಕೇಳಿದ್ದು ಇಷ್ಟೇ, ಸರ್ಕಾರಿ ನೆಲ ಕಿತ್ತವರು ಯಾರು? ಕಂಟ್ರಾಕ್ಟರ್ ಅಂಗಳದಲ್ಲಿ ಅದೇ ಹಾರೆ ಹಿಡಿದು ನಿಂತಿದ್ದ ಸಾಬಮ್ಮನನ್ನು ತೋರಿಸಿ, "ಈಕೀನ ರೀ. ಹಿಂದ ಕೂಲಿಯಿಂದ ತೆಗೆದಿದ್ದೆ, ಆ ಸಿಟ್ಟಿಗೆ ಖುನ್ನಸ ಇಟ್ಟಾಳ" ಎಂದ. ಸಾಹೇಬರು ನನ್ನನ್ನು ಕೇಳಿದರು, "ಮೇಡಂ, ನೀವು ಕೀಳಲು ಹೇಳಿದ್ದಿರಾ?"

ನಮ್ಮ ಯಜಮಾನರು ನೆಲ ನೋಡುತ್ತಿದ್ದರು. ಅವರ ಪ್ರೊಮೋಷನ್ ಫೈಲು ಆ ಸಾಹೇಬರ ಮೇಜಿನ ಮೇಲಿತ್ತು.

"ಇಲ್ಲ" ಎಂದೆ. "ನಾನು ಒಳಕೋಣೆಯಲ್ಲಿ ಮಗುವಿನ ಹತ್ತಿರ ಇದ್ದೆ, ನನಗೆ ಗೊತ್ತಾಗಲಿಲ್ಲ."

ಸಾಬಮ್ಮ ಹಾರೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ಮರುದಿನದಿಂದ ಗೇಟಿನಲ್ಲಿ ಅವಳನ್ನು ತಡೆದರು. ನಾಲ್ಕೂ ಮನೆಯ ಕೆಲಸ ಹೋಯಿತು. ನಮ್ಮ ಫರ್ಸಿಯನ್ನು ಅದೇ ಮಣ್ಣಿನ ಮೇಲೆ ಮತ್ತೆ ಮುಚ್ಚಿ, ಮೇಲೆ ಬಿಳಿ ಪುಡಿ ಉದುರಿಸಿದರು. ರಿಪೋರ್ಟಿನಲ್ಲಿ 'ಆ್ಯಂಟ್ಸ್ ಕಂಟ್ರೋಲ್ಡ್' ಎಂದು ಬರೆದರಂತೆ. ಇರುವೆ ಒಂದು ವಾರವೂ ಕಾಯಲಿಲ್ಲ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಆ ಕಂಟ್ರಾಕ್ಟರ್ ಮೇಲೆ, ಸಾಹೇಬರ ಮೇಲೆ, ಆಮೇಲೆ, ಇನ್ಯಾರ ಮೇಲೆ ಹೇಳಲಿ?

ಯಜಮಾನರು ರಿಟೈರ್ ಆಗಿ ನಾವು ಯಾದಗಿರಿಗೆ ಬಂದ ಮೇಲೆ ಒಂದು ದಿನ ಒಬ್ಬಳೇ ದೋರನಹಳ್ಳಿಗೆ ಹೋದೆ. ವಿಚಾರಿಸಿ ಮನೆ ಹಿಡಿದೆ. ಎರಡು ಖೋಲಿಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಸಾಬಮ್ಮನ ಕೂದಲು ಬೆಳ್ಳಗಾಗಿತ್ತು. "ಬರ್ರಿ ಅಕ್ಕಾರ, ಕೂಸು ದೊಡ್ಡದಾಗಿರಬೇಕಲ್ರಿ?" ಎಂದು ಚಹಾಕ್ಕೆ ಇಟ್ಟಳು. ದಾರಿಯುದ್ದಕ್ಕೂ ಪಾಠ ಮಾಡಿಕೊಂಡು ಬಂದ ಮಾತೆಲ್ಲ ಮರೆತು, ಇಷ್ಟೇ ಹೇಳಿದೆ: "ಅವತ್ತು ನಾನು ಸುಳ್ಳು ಹೇಳಿದೆ ಸಾಬಮ್ಮ."

ಅವಳು ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ.

"ಅದನ್ನ ನಂಗ್ಯಾಕ ಹೇಳ್ತೀರಿ? ನಂಗ ಗೊತ್ತಿದ್ದದ್ದ ಐತಿ. ಗೊತ್ತಿಲ್ಲದಂವಗ ಹೇಳಬೇಕಿತ್ರಿ, ಅವತ್ತ."

ಚಹಾ ಕುಡಿದೆವು. ಸಂಜೆ ಬಸ್ಸಿಗೆ ಕಳಿಸಲು ಬಂದಳು. ಬಸ್ಸು ತುಂಬಿತ್ತು. ಮೇಲೆ ಹತ್ತಿ, ಮುಂದಿನ ಸೀಟಿನಲ್ಲಿ ಕುಳಿತ ಗಂಡಸಿಗೆ, "ಏ ಯಪ್ಪಾ, ಏಳು, ವಯಸ್ಸಾದವರು ನಿಂತಾರ ಕಾಣಂಗಿಲ್ಲೇನು?" ಎಂದು ಗದರಿ ಎಬ್ಬಿಸಿ, ನನ್ನನ್ನು ಕೂಡಿಸಿ ಇಳಿದಳು. ಹೇಳಿ ಹೋಗೋಣವೆಂದು ನಾನು ಕಿಟಕಿಯಿಂದ ಕೈ ಹೊರಗೆ ಚಾಚುವಷ್ಟರಲ್ಲಿ, ಅವಳು ಬೆನ್ನು ತಿರುಗಿಸಿ ಬಿರಬಿರನೆ ಮನೆಯ ದಾರಿ ಹಿಡಿದಾಗಿತ್ತು.